ಪಿಯುಸಿಗೆ ಸಮಾಜಶಾಸ್ತ್ರ ತಗೊಂಡಿದ್ದೀರಾ? ರಜೆಯಲ್ಲಿ ಇಷ್ಟು ಮಾಡಿ

ಅಡ್ಮಿಷನ್ ದಿನಗಳಲ್ಲಿ ನಮ್ಮ ಕಾಲೇಜಿನ ವರಾಂಡದಲ್ಲಿ ಒಂದು ಪ್ರಶ್ನೆ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಮಗಳ ಅರ್ಜಿ ತುಂಬಿಸುತ್ತಾ ನಿಂತ ಅಪ್ಪ ನನ್ನ ಕಡೆ ತಿರುಗಿ, “ಮೇಡಂ, ಈ ಸೋಷಿಯಾಲಜಿ ಸುಲಭ ತಾನೇ?” ಅನ್ನುತ್ತಾರೆ. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ನಿಂತವರು ಉತ್ತರ ಕೊಟ್ಟಾಗಿರುತ್ತದೆ: “ಅದರಲ್ಲೇನಿದೆ ಸ್ವಾಮಿ, ಮದುವೆ, ಸಂಸಾರ, ಜಾತಿ. ನಮಗೆ ಗೊತ್ತಿಲ್ಲದ್ದಾ?”

ತಿಪಟೂರು ಕಡೆಯ ಒಂದು ಹೋಬಳಿ ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ 19 ವರ್ಷದಿಂದ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಈ ವಿಷಯದ ಕಷ್ಟವೆಲ್ಲ ಆ ಎರಡನೆಯವರ ಮಾತಿನಲ್ಲೇ ಇದೆ. ಎಲೆಕ್ಟ್ರಾನ್ ಬಗ್ಗೆ ನಿಮ್ಮ ದೊಡ್ಡಮ್ಮನಿಗೆ ಯಾವ ಅಭಿಪ್ರಾಯವೂ ಇರುವುದಿಲ್ಲ. ಮದುವೆ ಬಗ್ಗೆ ಇರುತ್ತದೆ. ನಿಮಗೂ ಇರುತ್ತದೆ, ನನಗೂ ಇದೆ. 16 ವರ್ಷ ಕಂಡದ್ದು, ಕೇಳಿದ್ದು, ಸುಮ್ಮನೆ ಅಂದುಕೊಂಡದ್ದು ಎಲ್ಲವನ್ನೂ ಒಂದೇ ಮೂಟೆ ಕಟ್ಟಿಕೊಂಡು ನೀವು ತರಗತಿಗೆ ಬರುತ್ತೀರಿ. ಆ ಮೂಟೆ ಬಿಚ್ಚಿ ಮೂರನ್ನೂ ಬೇರೆ ಬೇರೆ ಇಡುವ ಅಭ್ಯಾಸವನ್ನು ಈ ರಜೆಯಲ್ಲೇ ಹಚ್ಚಿಕೊಂಡರೆ ಮುಂದಿನ ಎರಡು ವರ್ಷ ಸಲೀಸು. ಪಠ್ಯಪುಸ್ತಕವನ್ನು ಮುಂಚೆಯೇ ಓದಿಕೊಂಡು ಬನ್ನಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಓದಿಕೊಂಡು ಬಂದವರು ವ್ಯಾಖ್ಯೆ ಒಪ್ಪಿಸುತ್ತಾರೆ, ಉದಾಹರಣೆ ಕೇಳಿದರೆ ನನ್ನ ಮುಖ ನೋಡುತ್ತಾರೆ.

ಹತ್ತನೇ ಕ್ಲಾಸಿನ ಪುಸ್ತಕ ಗುಜರಿಗೆ ಹಾಕಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಪುಸ್ತಕಗಳೆಲ್ಲ ತಕ್ಕಡಿ ಏರುತ್ತವೆ. ಸಮಾಜ ವಿಜ್ಞಾನದ ಪುಸ್ತಕವನ್ನು ಮಾತ್ರ ತೆಗೆದಿಡಿ. ಇತಿಹಾಸ, ಭೂಗೋಳದ ನಡುವೆ ಸಮಾಜಶಾಸ್ತ್ರ ಎಂಬ ಭಾಗವೊಂದು ಅದರಲ್ಲಿತ್ತು, ನೆನಪಿದೆಯೇ? ಸ್ತರವಿನ್ಯಾಸ (ಸಮಾಜದೊಳಗಿನ ಮೇಲುಕೀಳಿನ ಪದರಗಳು), ದುಡಿಮೆ, ಚಳವಳಿ, ಸಾಮಾಜಿಕ ಸಮಸ್ಯೆ ಎಂದೆಲ್ಲ ಪುಟ್ಟ ಪುಟ್ಟ ಪಾಠಗಳು. ಪರೀಕ್ಷೆಗೆ ಅಂಕ ಕಮ್ಮಿ ಅಂತ ಬಹಳ ಜನ ಅದನ್ನು ಹಾರಿಸಿರುತ್ತೀರಿ. ಒಂದು ಮಧ್ಯಾಹ್ನ ಕೂತು ಕಥೆ ಪುಸ್ತಕದ ಹಾಗೆ ಓದಿ ಮುಗಿಸಿ. ಕಂಠಪಾಠ ಬೇಡ. ಪುಸ್ತಕದ ಓದು ಸದ್ಯಕ್ಕೆ ಇಷ್ಟು ಸಾಕು.

ಎರಡು ಪುಟದ ನೋಟ್‌ಬುಕ್

ಇನ್ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್ ತಗೊಳ್ಳಿ. ತೆರೆದಾಗ ಕಾಣುವ ಎಡಪುಟಕ್ಕೆ ಒಂದು ಕೆಲಸ, ಬಲಪುಟಕ್ಕೆ ಇನ್ನೊಂದು. ಎಡಗಡೆ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ: ದಿನಾಂಕ, ಹೊತ್ತು, ಎಣಿಕೆ, ಯಾರು ಏನೆಂದರು ಎಂಬುದು ಅವರದೇ ಮಾತಿನಲ್ಲಿ. ಬಲಗಡೆ ನಿಮಗೆ ಅನಿಸಿದ್ದು, ಅದರಿಂದ ಎದ್ದ ಪ್ರಶ್ನೆ. ಎಡಪುಟದಲ್ಲಿ ‘ಪಾಪ’, ‘ತುಂಬಾ’, ‘ಯಾವಾಗಲೂ’, ‘ಎಲ್ಲರೂ’ ಎಂಬ ಮಾತು ಬಂತೋ, ಅಲ್ಲಿಗೆ ಅನಿಸಿಕೆ ನುಸುಳಿದೆ ಅಂತ ಲೆಕ್ಕ. ಹೊಡೆದುಹಾಕಿ ಬಲಕ್ಕೆ ಸಾಗಿಸಿ.

ಕೇಳುವುದಕ್ಕೆ ಇದು ಮಕ್ಕಳಾಟ. ಮಾಡುವುದಕ್ಕೆ ಕೂತರೆ ಮೊದಲ ವಾರ ನಿಮ್ಮ ಎಡಪುಟ ಖಾಲಿ ಇರುತ್ತದೆ, ಬಲಪುಟ ಉಕ್ಕಿ ಹರಿಯುತ್ತಿರುತ್ತದೆ. ನನ್ನದೂ ಹಾಗೇ ಆಗಿತ್ತು.

ಅಜ್ಜಿಯ ಪಕ್ಕ ಕೂತು ಒಂದು ನಕ್ಷೆ

ಮೊದಲ ಕೆಲಸ ಮನೆಯಿಂದಲೇ. ಅಜ್ಜಿಯೋ ದೊಡ್ಡಮ್ಮನೋ ಮಧ್ಯಾಹ್ನ ಅಡಿಕೆ ಮೆಲ್ಲುತ್ತಾ ಕೂತಿರುವಾಗ ನಿಮ್ಮ ನೆಂಟಸ್ತಿಕೆಯ ನಕ್ಷೆ ಬರೆಯಿರಿ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ಇಬ್ಬರ ನಡುವೆ ಎರಡು ಗೆರೆ ಎಳೆದರೆ ಮದುವೆ. ಅಲ್ಲಿಂದ ಕೆಳಗೆ ಗೆರೆ ಇಳಿದರೆ ಮಕ್ಕಳು. ತೀರಿಕೊಂಡವರ ಗುರುತಿನ ಮೇಲೆ ಓರೆ ಗೆರೆ. ನಡುವೆ ನೀವು. ನಿಮ್ಮಿಂದ ಮೇಲಕ್ಕೆ ಮೂರು ತಲೆಮಾರು ಹೋಗಿ, ಅಡ್ಡಕ್ಕೆ ಎಷ್ಟು ಸಾಧ್ಯವೋ ಅಷ್ಟು. ಪ್ರತಿಯೊಬ್ಬರ ಕೆಳಗೆ ಹೆಸರು, ಊರು, ನೀವು ಅವರನ್ನು ಕರೆಯುವ ಪದ. ಪ್ರಪಂಚದಲ್ಲಿ ಎಲ್ಲೇ ಬಂಧುತ್ವ ಅಭ್ಯಾಸ ಮಾಡಿದರೂ ಹೆಚ್ಚುಕಮ್ಮಿ ಇದೇ ಗುರುತುಗಳು.

ನಕ್ಷೆ ಮುಗಿದ ಮೇಲೆ ಕರೆಯುವ ಪದಗಳನ್ನು ಮಾತ್ರ ನೋಡಿ. ಅಪ್ಪನ ತಂಗಿ ನಿಮಗೆ ಅತ್ತೆ. ಸೋದರಮಾವನ ಹೆಂಡತಿಯೂ ಅತ್ತೆ. ನಾಳೆ ಮದುವೆಯಾದರೆ ಗಂಡನ ತಾಯಿಯೂ ಅತ್ತೆ. ಅಮ್ಮನ ತಮ್ಮ ಮಾವ, ಅತ್ತೆಯ ಗಂಡ ಮಾವ, ಗಂಡನ ಅಪ್ಪನೂ ಮಾವ. ಮಗಳ ಗಂಡ ಅಳಿಯ. ಗಂಡಸಿಗೆ ಅಕ್ಕತಂಗಿಯ ಮಗನೂ ಅಳಿಯ. ಆದರೆ ಚಿಕ್ಕಪ್ಪನ ಮಕ್ಕಳನ್ನು, ಚಿಕ್ಕಮ್ಮನ ಮಕ್ಕಳನ್ನು ನೀವು ಅಣ್ಣ, ತಂಗಿ ಎಂದೇ ಕರೆಯುತ್ತೀರಿ. ಭಾಷೆ ಬಡವಾಗಿ ಪದ ಸಾಲದೆ ಹೀಗೆ ಆಗಿದೆಯೇ? ಹಿಂದಿಯವರು ಬುವಾ, ಮಾಮಿ, ಸಾಸ್ ಎಂದು ಮೂರು ಪದ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಒಂದೇ ಸಾಕಾಯಿತು, ಯಾಕೆಂದರೆ ಸೋದರತ್ತೆಯ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾಗುವ ರೂಢಿಯಲ್ಲಿ ಅಪ್ಪನ ತಂಗಿಯೇ ಗಂಡನ ತಾಯಿಯಾಗಬಹುದು, ಸೋದರಮಾವನೇ ಗಂಡನ ಅಪ್ಪನಾಗಬಹುದು. ಯಾರನ್ನು ಮದುವೆಯಾಗಬಹುದು, ಯಾರನ್ನು ಕೂಡದು ಎಂಬ ನಿಯಮ ನಿಮ್ಮ ಬಾಯಲ್ಲೇ ಇತ್ತು. ಅದನ್ನು ಯಾರೂ ಪಾಠ ಮಾಡಿ ಕಲಿಸಿರಲಿಲ್ಲ. ಇರಾವತಿ ಕರ್ವೆ ಎಂಬ ಮಾನವಶಾಸ್ತ್ರಜ್ಞೆ 1953ರಲ್ಲಿ ಭಾರತದ ಬಂಧುತ್ವವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯ ಮಾಡಿ ತೋರಿಸಿದಾಗ ಇಂಥ ಕರೆಯುವ ಪದಗಳನ್ನೂ ಮುಂದಿಟ್ಟುಕೊಂಡಿದ್ದರು. ಮುಂದೆ ಪಾಠದಲ್ಲಿ ‘ಬಂಧುತ್ವ’ ಬಂದಾಗ ನಿಮಗೆ ಅದು ಹೊಸದಾಗಿರುವುದಿಲ್ಲ.

ಇದೇ ನಕ್ಷೆಯಲ್ಲಿ ಇನ್ನೊಂದು ಸಂಗತಿ ಇದೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಐದು ತಲೆಮಾರಿನ ನಕ್ಷೆ ತಂದಳು, ದೊಡ್ಡ ಚಾರ್ಟ್ ಶೀಟಿನಲ್ಲಿ. ತ್ರಿಕೋನಗಳ ಕೆಳಗೆಲ್ಲ ಹೆಸರಿತ್ತು. ಮೇಲಿನ ಎರಡು ಸಾಲಿನ ವೃತ್ತಗಳ ಕೆಳಗೆ ಮಾತ್ರ ‘ಹುಳಿಯಾರಜ್ಜಿ’, ‘ಕಿಬ್ಬನಹಳ್ಳಿ ಅಜ್ಜಿ’ ಎಂದಿತ್ತು. ತವರೂರಿನ ಹೆಸರೇ ಆಕೆಯ ಹೆಸರು. ಮನೆಯಲ್ಲಿ ಯಾರಿಗೂ ನಿಜವಾದ ಹೆಸರು ಗೊತ್ತಿಲ್ಲ. ಹೆಣ್ಣು ಮದುವೆಯಾಗಿ ಗಂಡನ ಊರಿಗೆ ಬರುತ್ತಾಳೆ, ವಂಶ ಅಪ್ಪನಿಂದ ಮಗನಿಗೆ ಇಳಿಯುತ್ತದೆ ಎಂಬುದನ್ನು ಪುಸ್ತಕ ಎರಡು ದಪ್ಪ ಪಾರಿಭಾಷಿಕ ಪದಗಳಲ್ಲಿ ಹೇಳುತ್ತದೆ. ಆ ಹುಡುಗಿ ಬಲಪುಟದಲ್ಲಿ ಬರೆದದ್ದು ಒಂದೇ ಸಾಲು: “ಹಾಗಾದರೆ ಹುಳಿಯಾರಿನಲ್ಲಿ ಆಕೆಯನ್ನು ಏನಂತ ಕರೀತಿದ್ದರು?”

ಕರಾವಳಿ ಕಡೆ ನೆಂಟರಿದ್ದರೆ ಅವರನ್ನೂ ಕೇಳಿ. ತುಳುನಾಡಿನ ಅಳಿಯ ಸಂತಾನದ ಮನೆಗಳಲ್ಲಿ ಆಸ್ತಿ, ಮನೆತನ ತಾಯಿಯ ಕಡೆಯಿಂದ ಬರುತ್ತಿತ್ತು; ಅಲ್ಲಿ ನಕ್ಷೆ ಬರೆದರೆ ವೃತ್ತಗಳ ಸಾಲೇ ಗಟ್ಟಿ. ‘ನಮ್ಮಲ್ಲಿ ಹಿಂದಿನಿಂದಲೂ ಹೀಗೇ’ ಎನ್ನುವಾಗ ನಮ್ಮಲ್ಲಿ ಎಂದರೆ ಎಲ್ಲಿ, ಯಾರಲ್ಲಿ ಎಂದು ಕೇಳುವ ಚಾಳಿ ಹೀಗೆ ಬರುತ್ತದೆ.

ಧೈರ್ಯವಿದ್ದವರು ಆಸ್ತಿಯ ಮಾತು ಎತ್ತಬಹುದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ನಿಮ್ಮ ನಕ್ಷೆಯ ಎಷ್ಟು ವೃತ್ತಗಳ ಹೆಸರು ಪಹಣಿಯಲ್ಲಿದೆ? ಎಷ್ಟು ಜನ ಅತ್ತೆಯರು ‘ತವರು ಬೇಕಲ್ಲ’ ಎಂದು ಸೈನ್ ಹಾಕಿಕೊಟ್ಟು ಬಂದರು? ಕಾನೂನು ಒಂದು ದಾರಿ, ರೂಢಿ ಒಂದು ದಾರಿ ಹಿಡಿಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರ ಇಲ್ಲ. ಆದರೆ ಮನೆಯಲ್ಲಿ ಪಾಲಿನ ಜಗಳ ಬಿಸಿಯಾಗಿದ್ದರೆ ಕೇಳಬೇಡಿ. ಯಾರಾದರೂ ಮಾತು ತಿರುಗಿಸಿದರೆ ಅಲ್ಲಿಗೆ ಬಿಡಿ. ಉತ್ತರ ಕೊಡದಿರುವ ಹಕ್ಕು ಅವರಿಗಿದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹುಡುಗನ ನೋಟ್‌ಬುಕ್ ಎಷ್ಟು ಚೆನ್ನಾಗಿತ್ತೆಂದರೆ ಹಿಗ್ಗಿ ಇಡೀ ತರಗತಿಗೆ ಜೋರಾಗಿ ಓದಿಬಿಟ್ಟೆ. ಅವನ ಚಿಕ್ಕಪ್ಪ ಮನೆ ಬಿಟ್ಟು ಹೋದ ಸಂಗತಿ ಅದರಲ್ಲಿತ್ತು. ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಯಿತು. ಮಾರನೇ ದಿನ ಅವನು ಬರಲಿಲ್ಲ, ಅವನ ತಾಯಿ ಬಂದರು. ಆಕೆ ಬೈಯಲಿಲ್ಲ. “ಮೇಡಂ, ನೀವು ಓದಿದ್ದು ನಮ್ಮ ಮನೇದು” ಅಂದರು. ಅವತ್ತಿನಿಂದ ನನ್ನ ತರಗತಿಯಲ್ಲಿ ಒಂದು ನಿಯಮ: ನೋಟ್‌ಬುಕ್ಕಿನಲ್ಲಿ ನಿಜವಾದ ಹೆಸರು ಬರೆಯುವುದು ನಕ್ಷೆಯ ಪುಟದಲ್ಲಿ ಮಾತ್ರ, ಆ ಪುಟ ಮನೆ ದಾಟಿ ಬರುವುದು ಮನೆಯವರು ಒಪ್ಪಿದರೆ ಮಾತ್ರ. ಬೇರೆಲ್ಲ ಕಡೆ ‘ಅ’, ‘ಬ’, ಇಲ್ಲವೇ ಸುಳ್ಳು ಹೆಸರು. ಜಾತಿಯ ವಿಷಯದಲ್ಲಂತೂ ಇದು ಇನ್ನೂ ಬಿಗಿ. ಸಹಪಾಠಿಯ ಜಾತಿ ಕೇಳಿ ಬರೆದುಕೊಳ್ಳುವುದು ಸಮಾಜಶಾಸ್ತ್ರ ಅಲ್ಲ, ಕಿರುಕುಳ.

ಲಗ್ನಪತ್ರಿಕೆಗಳ ಕಟ್ಟು

ಬೇಸಿಗೆ ಮದುವೆ ಕಾಲ. ಮನೆಯಲ್ಲಿ ದೇವರ ಗೂಡಿನ ಪಕ್ಕವೋ ಟಿವಿ ಮೇಲೋ ಲಗ್ನಪತ್ರಿಕೆಗಳ ರಾಶಿ ಇದ್ದೇ ಇರುತ್ತದೆ. ಹತ್ತು ಹದಿನೈದು ಪತ್ರಿಕೆ ಕಲೆಹಾಕಿ, ಒಂದೆರಡು ಹಳೆಯವು, ನಿಮ್ಮ ಅಪ್ಪಅಮ್ಮಂದಿರದ್ದು, ಸಿಕ್ಕರೆ ಇನ್ನೂ ವಾಸಿ. ಓದಿ ಎಡಪುಟದಲ್ಲಿ ಎಣಿಸಿ: ಯಾರ ಹೆಸರು ಮೊದಲು? ಹುಡುಗನಿಗೆ ‘ಚಿ|| ರಾ||’, ಹುಡುಗಿಗೆ ‘ಚಿ|| ಸೌ||’. ಸೌಭಾಗ್ಯದ ‘ಸೌ’ ಒಬ್ಬರಿಗೇ ಯಾಕೆ? ಕರೆಯುವವರ ಪಟ್ಟಿಯಲ್ಲಿ ಹೆಂಗಸರ ಹೆಸರು ಸ್ವಂತದ್ದೋ, ‘ಶ್ರೀಮತಿ ಮತ್ತು ಶ್ರೀ’ ಎಂಬುದರೊಳಗೆ ಅಡಗಿದೆಯೋ? ಗಂಡನನ್ನು ಕಳೆದುಕೊಂಡ ಅಜ್ಜಿಯ ಹೆಸರು ಎಲ್ಲಿದೆ? ಹುಡುಗಿಯ ಓದು ಹೆಸರಿನ ಪಕ್ಕ ಯಾವ ಕಾಲದಿಂದ ಬರತೊಡಗಿತು?

ಹುಡುಗನ ಹೆಸರಿನ ಮುಂದಿನ ಬ್ರ್ಯಾಕೆಟ್ಟನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ. ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು. ಶಿಕ್ಷಕರು. ಪೊಲೀಸ್ ಇಲಾಖೆ. ನಮ್ಮ ಕಡೆ ಹತ್ತರಲ್ಲಿ ಐದಾರು ಮನೆಯ ಹುಡುಗರು ತೋಟ ನೋಡಿಕೊಂಡಿದ್ದಾರೆ, ಆದರೆ ನನ್ನ ವಿದ್ಯಾರ್ಥಿಗಳು ತಂದ ಪತ್ರಿಕೆಗಳಲ್ಲಿ ‘ಕೃಷಿಕ’ ಎಂದು ಹಾಕಿಸಿಕೊಂಡದ್ದನ್ನು ನಾನು ಒಂದೋ ಎರಡೋ ಸಲ ಕಂಡಿದ್ದೇನೆ. ರೈತನ ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಮಾತು ನೀವೂ ಕೇಳಿದ್ದೀರಿ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಹುಡುಗರು ಹೆಣ್ಣು ಸಿಗಲಿ ಎಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಟಿವಿಯವರಿಗೆ ಅದು ತಮಾಷೆಯ ಸುದ್ದಿಯಾಗಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಹೇಳಿದ್ದನ್ನು ಇಲ್ಲಿ ಹಚ್ಚಿ ನೋಡಿ. ಒಬ್ಬನಿಗೆ ಕೆಲಸ ಇಲ್ಲದಿದ್ದರೆ ಅವನ ಗುಣ, ಅವನ ಅರ್ಹತೆ ನೋಡಬಹುದು. ಒಂದೂವರೆ ಕೋಟಿ ಜನಕ್ಕೆ ಇಲ್ಲದಿದ್ದರೆ ಒಬ್ಬೊಬ್ಬರ ಗುಣ ಹುಡುಕಿ ಪ್ರಯೋಜನವಿಲ್ಲ, ಏರ್ಪಾಡನ್ನೇ ನೋಡಬೇಕು. ಒಬ್ಬ ಹುಡುಗನಿಗೆ ಹೆಣ್ಣು ಸಿಗದಿದ್ದರೆ ಜಾತಕ ಸರಿಯಿಲ್ಲ, ಸ್ವಭಾವ ಒರಟು ಎನ್ನಿ. ಹೋಬಳಿಗೆ ಹೋಬಳಿಯೇ ಹೀಗಾದರೆ? ಬೋರ್‌ವೆಲ್ಲಿನ ನೀರು, ಕೊಬ್ಬರಿಯ ರೇಟು, ಓದಿದ ಹೆಣ್ಣುಮಕ್ಕಳ ಆಸೆ, ಹುಟ್ಟುವ ಮುಂಚೆಯೇ ಕಳೆದುಹೋದ ಹೆಣ್ಣುಮಕ್ಕಳ ಲೆಕ್ಕ, ಜಾತಿಯೊಳಗೇ ಆಗಬೇಕೆಂಬ ಹಟ, ಎಲ್ಲವೂ ಬಂದು ಕೂರುತ್ತವೆ. ಇದರಲ್ಲಿ ಯಾವುದು ಎಷ್ಟು ಎಂದು ರಜೆಯಲ್ಲೇ ತೀರ್ಮಾನ ಮಾಡಬೇಕಿಲ್ಲ. ಪ್ರಶ್ನೆಯಾಗಿ ಬಲಪುಟದಲ್ಲಿ ಇರಲಿ.

ಹಾಲಿನ ಡೈರಿಯ ಮುಂದೆ ಅರ್ಧ ಗಂಟೆ

ಇನ್ನು ಮನೆಯಿಂದ ಹೊರಗೆ. ಒಂದು ಜಾಗ ಆರಿಸಿಕೊಳ್ಳಿ: ಬಸ್ ಸ್ಟ್ಯಾಂಡ್, ಸಂತೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ. ಒಂದೇ ಜಾಗಕ್ಕೆ ಒಂದೇ ಹೊತ್ತಿನಲ್ಲಿ ಮೂರು ದಿನ ಹೋಗಿ ಅರ್ಧ ಗಂಟೆ ನಿಲ್ಲಿ. ಮೊಬೈಲ್ ಜೇಬಿನಲ್ಲಿರಲಿ. ಫೋಟೊ ತೆಗೆಯಬೇಡಿ.

ಎರಡು ನೋಟ್‌ಬುಕ್ಕಿನ ಸಾಲು ಕೊಡುತ್ತೇನೆ, ಎರಡೂ ಡೈರಿಯವೇ. ಮೊದಲನೆಯದು: “ನಮ್ಮೂರಿನಲ್ಲಿ ಮಹಿಳೆಯರು ತುಂಬಾ ಕಷ್ಟಪಟ್ಟು ದುಡಿಯುತ್ತಾರೆ. ಬೆಳಿಗ್ಗೆ ಬೇಗ ಎದ್ದು ಹಾಲು ಹಾಕುತ್ತಾರೆ. ಆದರೂ ಅವರಿಗೆ ಬೆಲೆ ಇಲ್ಲ.” ಎರಡನೆಯದು: “ಬೆಳಿಗ್ಗೆ 6.40ರಿಂದ 7.10. ಬಂದವರು 31. ಹೆಂಗಸರು 17, ಗಂಡಸರು 9, ಮಕ್ಕಳು 5. ಹೆಂಗಸರು ಕ್ಯಾನು ಕೈಯಲ್ಲಿ ತಂದರು, ಗಂಡಸರಲ್ಲಿ 6 ಜನ ಬೈಕಿನಲ್ಲಿ. ಫ್ಯಾಟ್ ಕಮ್ಮಿ ಬಂತು ಅಂತ ಜಗಳ ಮಾಡಿದವರು 2, ಇಬ್ಬರೂ ಗಂಡಸರು. ಒಬ್ಬ ಹೆಂಗಸಿಗೂ ಕಮ್ಮಿ ಬಂತು, ಆಕೆ ಚೀಟಿ ನೋಡಿ ಸುಮ್ಮನೆ ಮಡಚಿ ಇಟ್ಟುಕೊಂಡಳು. ಬಟವಾಡೆ ದಿನ ಮತ್ತೆ ಬಂದು ನೋಡಬೇಕು.”

ಮೊದಲನೆಯದರಲ್ಲಿ ಸುಳ್ಳೇನಿಲ್ಲ. ಆದರೆ ಅದನ್ನು ಬರೆಯಲು ಡೈರಿಗೆ ಹೋಗಬೇಕಿರಲಿಲ್ಲ, ಮನೆಯಲ್ಲಿ ಮಲಗಿಕೊಂಡೇ ಬರೆಯಬಹುದಿತ್ತು. ಎರಡನೆಯದನ್ನು ಬರೆದ ಹುಡುಗ ಬಟವಾಡೆ ದಿನ ನಿಜವಾಗಿಯೂ ಹೋದ. ದುಡ್ಡು ಎಣಿಸಿಕೊಂಡವರು ಬೇರೆಯವರಾಗಿದ್ದರು. ಯಾರ ಹೆಸರಿನ ಖಾತೆ, ಯಾರ ಕೈಯ ಕೆಲಸ, ಯಾರ ಜೇಬಿನ ದುಡ್ಡು ಎಂದು ಮೂರು ಕಾಲಂ ಹಾಕಿದ್ದ. ಕುಟುಂಬದೊಳಗಿನ ಅಧಿಕಾರ ಎಂಬ ಪಾಠ ಅವನಿಗೆ ಮತ್ತೆ ಹೇಳಬೇಕಾಗಲಿಲ್ಲ.

ಊರಿನಲ್ಲಿ ಹಾರಾಡುವ ಅಭಿಪ್ರಾಯಗಳನ್ನೂ ಹೀಗೇ ಹಿಡಿದು ಎಣಿಕೆಗೆ ಇಳಿಸಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ‘ಬಸ್ಸಲ್ಲಿ ಗಂಡಸರಿಗೆ ಸೀಟೇ ಇಲ್ಲ’ ಎನ್ನದ ಅಂಗಡಿ ಕಟ್ಟೆಯಿಲ್ಲ. ಸರಿ, ನೀವು ಹತ್ತುವ ಬಸ್ಸಿನಲ್ಲಿ ಎಣಿಸಿ. ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು? ಹತ್ತಿದ ಹೆಂಗಸರು ಎಲ್ಲಿಗೆ ಹೊರಟಿದ್ದಾರೆ: ಗಾರ್ಮೆಂಟ್ಸಿಗೋ, ಆಸ್ಪತ್ರೆಗೋ, ತವರಿಗೋ, ದೇವಸ್ಥಾನಕ್ಕೋ? ಪಕ್ಕದಲ್ಲಿ ಕೂತವರನ್ನು ಮಾತಾಡಿಸಿದರೆ ಅವರೇ ಹೇಳುತ್ತಾರೆ, ನಮ್ಮ ಜನ ಅಷ್ಟರಮಟ್ಟಿಗೆ ಧಾರಾಳಿಗಳು.

ಗೊತ್ತಿರುವ ಪದಗಳೇ ಮೋಸ ಮಾಡುತ್ತವೆ

ಈ ವಿಷಯದಲ್ಲಿ ಮಕ್ಕಳು ಎಡವುವುದು ಕಷ್ಟದ ಪದಗಳಲ್ಲಿ ಅಲ್ಲ. ‘ಸ್ತರವಿನ್ಯಾಸ’ವನ್ನು ಹೇಗೋ ಬಾಯಿಪಾಠ ಮಾಡುತ್ತಾರೆ. ‘ಸಮಾಜ’ ಎಂಬ ಪದವನ್ನು ತಗೊಳ್ಳಿ. ಊರಿನಲ್ಲಿ ‘ನಮ್ಮ ಸಮಾಜದ ಕಲ್ಯಾಣ ಮಂಟಪ’, ‘ನಮ್ಮ ಸಮಾಜದ ಹುಡುಗ’ ಎಂದರೆ ಏನರ್ಥ? ಜಾತಿ. ಬಾಯಿಬಿಟ್ಟು ಜಾತಿ ಎನ್ನಲು ಸಂಕೋಚವಾಗಿ ಸಮಾಜ ಎನ್ನುತ್ತೇವೆ, ಈಚೆಗೆ ‘ಸಮುದಾಯ’ ಎನ್ನುತ್ತೇವೆ. ಪುಸ್ತಕದಲ್ಲಿ ಸಮಾಜ ಎಂದರೆ ಅದಲ್ಲ, ಸಮುದಾಯ ಎಂದರೂ ಅದಲ್ಲ. ‘ಸಂಸ್ಥೆ’ ಎಂದರೆ ಬೀದಿಯಲ್ಲಿ ಬೋರ್ಡು ಹಾಕಿದ ಕಟ್ಟಡ. ಪುಸ್ತಕದಲ್ಲಿ ಮದುವೆ ಒಂದು ಸಂಸ್ಥೆ, ಕುಟುಂಬ ಒಂದು ಸಂಸ್ಥೆ. ‘ಅಂತಸ್ತು’ ಎಂದರೆ ಮನೆಯವರಿಗೆ ದುಡ್ಡು. ಇಲ್ಲಿ ಸೊಸೆ ಎಂಬುದೂ ಒಂದು ಅಂತಸ್ತು, ವಿದ್ಯಾರ್ಥಿ ಎಂಬುದೂ. ‘ಸಂಸ್ಕೃತಿ’ ಎಂದಾಗ ಭರತನಾಟ್ಯ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಮುದ್ದೆ ನುಂಗುವ ರೀತಿಯೂ ಸಂಸ್ಕೃತಿಯೇ. ‘ವರ್ಗ’, ‘ವರ್ಣ’, ‘ಜಾತಿ’ ಮೂರನ್ನೂ ಕಲಸಿ ಬರೆದ ಉತ್ತರಪತ್ರಿಕೆಗಳನ್ನು ಮೌಲ್ಯಮಾಪನದಲ್ಲಿ ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನೇ ಖಾಲಿಯಾಗಿದೆ.

ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಇದಕ್ಕೆ ಮೀಸಲಿಡಿ. ಮೂರು ಕಾಲಂ: ಪದ, ಊರಿನ ಅರ್ಥ, ಪುಸ್ತಕದ ಅರ್ಥ. ಈಗ ಎರಡು ಕಾಲಂ ತುಂಬಿ. ಮೂರನೆಯದನ್ನು ಕಾಲೇಜಿನಲ್ಲಿ ತುಂಬೋಣ. ಇಂಗ್ಲಿಷ್ ಪದವನ್ನೂ ಪಕ್ಕದಲ್ಲಿ ಬರೆದುಕೊಂಡರೆ ಡಿಗ್ರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಆಗುತ್ತದೆ.

ಸ್ವಲ್ಪ ಲೆಕ್ಕ

ಲೆಕ್ಕ ತಪ್ಪಿಸಿಕೊಳ್ಳಲೆಂದೇ ಆರ್ಟ್ಸ್ ತಗೊಂಡೆ ಎನ್ನುವವರು ಕ್ಷಮಿಸಬೇಕು. ಶೇಕಡಾ, ಅನುಪಾತ ಬರಲೇಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಲಿಂಗಾನುಪಾತ 973, ಅಂದರೆ ಸಾವಿರ ಗಂಡಸರಿಗೆ 973 ಹೆಂಗಸರು. ಉಡುಪಿ ಜಿಲ್ಲೆಯಲ್ಲಿ 1094. ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಈ ಮೂರು ಅಂಕಿ ಮುಂದಿಟ್ಟುಕೊಂಡು ಹತ್ತು ನಿಮಿಷ ಯೋಚಿಸಿ. ಉಡುಪಿಯವರು ಹೆಣ್ಣುಮಕ್ಕಳನ್ನು ಅಷ್ಟು ಪ್ರೀತಿಸುತ್ತಾರೆ ಎಂದು ತಟ್ಟನೆ ಬರೆಯಬೇಡಿ. ಅಲ್ಲಿಂದ ಮುಂಬೈಗೆ, ಗಲ್ಫಿಗೆ ಹೋದ ಗಂಡಸರು ಎಣಿಕೆಯ ದಿನ ಊರಿನಲ್ಲಿರಲಿಲ್ಲ. ದುಡಿಯಲು ಬಂದ ಗಂಡಸರು ಬೆಂಗಳೂರಿನಲ್ಲಿ ತುಂಬಿದ್ದರು. ಆರು ವರ್ಷದವರೆಗಿನ ಮಕ್ಕಳ ಅನುಪಾತವನ್ನು ಬೇರೆಯಾಗಿ ನೋಡುವುದು ಇದಕ್ಕೇ, ಮಕ್ಕಳು ದುಡಿಯಲು ವಲಸೆ ಹೋಗುವುದಿಲ್ಲವಲ್ಲ. ರಾಜ್ಯದಲ್ಲಿ ಅದು 948.

ಅದೇ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಎಂದಾಗ ಯಾರನ್ನು ಎಣಿಸಿದರು ಎಂದು ಕೇಳಿ. ಏಳು ವರ್ಷ ತುಂಬಿದವರಲ್ಲಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು. ಸೈನ್ ಹಾಕಲಷ್ಟೇ ಕಲಿತ ಅಜ್ಜಿ ಇದರಲ್ಲಿ ಸೇರುತ್ತಾರೆಯೇ? ನಿಮ್ಮ ಪಠ್ಯದಲ್ಲೂ 2011ರ ಅಂಕಿಗಳೇ ಇದ್ದರೆ ಪುಸ್ತಕ ಹಳೆಯದು ಎಂದುಕೊಳ್ಳಬೇಡಿ. 2021ಕ್ಕೆ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಯಿತು. ಈ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟರುಗಳು 60 ಪ್ರಶ್ನೆ ಹಿಡಿದು ಮನೆಮನೆಗೆ ಬಂದಿದ್ದರು. ನಿಮ್ಮ ಮನೆಗೆ ಬಂದಿದ್ದರೆ ಯಾರು ಉತ್ತರ ಕೊಟ್ಟರು, ಅಮ್ಮ ಹೇಳುವಾಗ ಅಪ್ಪ ತಿದ್ದಿದರೋ, ನೆನಪು ಮಾಡಿಕೊಂಡು ಬರೆಯಿರಿ. ಅಂಕಿ ಎಂಬುದು ಹೊಸ್ತಿಲ ಮೇಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೀವು ಕಂಡಿದ್ದೀರಿ.

ದೊಡ್ಡ ಹೆಸರುಗಳು

ಪಾಠದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಆಗಸ್ಟ್ ಕಾಂಟ್, ಡರ್ಕ್‌ಹೈಮ್, ವೆಬರ್, ಮಾರ್ಕ್ಸ್ ಬರುತ್ತಾರೆ, ಬರಲಿ. ಈಗಲೇ ಅವರ ಹುಟ್ಟಿದ ಇಸವಿ ಬಾಯಿಪಾಠ ಬೇಡ. ಕಾಂಟ್ ತನ್ನ ಹೊಸ ಶಾಸ್ತ್ರಕ್ಕೆ ಮೊದಲು ‘ಸಾಮಾಜಿಕ ಭೌತಶಾಸ್ತ್ರ’ ಎಂದು ಹೆಸರಿಟ್ಟಿದ್ದ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕ್ವೆಟ್ಲೆ ಅದೇ ಹೆಸರು ಬಳಸಿದ್ದು ಕಂಡು ಸಿಟ್ಟಾಗಿ, 1830ರ ದಶಕದ ಕೊನೆಯಲ್ಲಿ ‘ಸೋಷಿಯಾಲಜಿ’ ಎಂಬ ಹೊಸ ಪದ ಕಟ್ಟಿದ. ಅರ್ಧ ಲ್ಯಾಟಿನ್, ಅರ್ಧ ಗ್ರೀಕ್. ಇಷ್ಟು ಗೊತ್ತಿದ್ದರೆ ಮೊದಲ ಪಾಠದಲ್ಲಿ ನಗಬಹುದು.

ಒಬ್ಬರನ್ನು ಮಾತ್ರ ಹತ್ತಿರದಿಂದ ತಿಳಿದುಕೊಂಡು ಬನ್ನಿ: ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಅಲ್ಲಿಯ ಮಹಾರಾಜ ಕಾಲೇಜಿನಲ್ಲಿ ಓದಿದವರು. ಕೊಡಗಿನ ಅಧ್ಯಯನದಿಂದ ‘ಸಂಸ್ಕೃತೀಕರಣ’ (ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದು), ಮೈಸೂರು ಸೀಮೆಯ ಹಳ್ಳಿಯೊಂದರಿಂದ ‘ಪ್ರಬಲ ಜಾತಿ’ (ಜಮೀನು, ಜನಬಲದಿಂದ ಊರಿನಲ್ಲಿ ಮೇಲುಗೈಯಾದ ಜಾತಿ) ಎಂಬ ಪರಿಕಲ್ಪನೆಗಳನ್ನು ಕೊಟ್ಟವರು. 1948ರಲ್ಲಿ ಆ ಹಳ್ಳಿಯಲ್ಲಿ ಇದ್ದು, ನೋಡಿ, ಕೇಳಿ ಬರೆದುಕೊಂಡರು. ಪುಸ್ತಕದಲ್ಲಿ ಊರಿಗೆ ರಾಂಪುರ ಎಂದು ಬೇರೆ ಹೆಸರಿಟ್ಟರು. ಹೆಸರು ಮರೆಸುವ ನಮ್ಮ ನಿಯಮ ಅಷ್ಟು ಹಳೆಯದು. ಹದಿನೆಂಟು ವರ್ಷ ಕೂತು ವಿಂಗಡಿಸಿ ಸಿದ್ಧ ಮಾಡಿದ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಯಾರೋ ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದವು. ಹಳ್ಳಿಯನ್ನು ಅವರು ನೆನಪಿನಿಂದ ಬರೆದರು, ಆ ಪುಸ್ತಕ 1976ರಲ್ಲಿ ಬಂತು. ಈ ಕಥೆ ಹೇಳಿದಾಗ ಹಿಂದಿನ ಬೆಂಚಿನಿಂದ “ಮೂರೂ ಪ್ರತೀನ ಒಂದೇ ಕಡೆ ಯಾಕೆ ಇಟ್ಟಿದ್ರು ಮೇಡಂ?” ಎಂದು ಕೇಳಿದವನಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಪರೀಕ್ಷೆಯ ಮಾತು

ಇದನ್ನೂ ಹೇಳದಿದ್ದರೆ ನಿಮ್ಮ ಮನೆಯವರು ಒಪ್ಪುವುದಿಲ್ಲ. ಲಿಖಿತ 80, ಆಂತರಿಕ 20. ಪ್ರಾಜೆಕ್ಟ್ ಬರೆಯಿರಿ ಎಂದಾಗ ಉಳಿದವರು ಅಂಗಡಿಯಿಂದ ಚಿತ್ರ ತಂದು ಅಂಟಿಸುತ್ತಿದ್ದರೆ ನಿಮ್ಮ ಕೈಯಲ್ಲಿ ಡೈರಿಯ ಮೂರು ದಿನದ ಎಣಿಕೆ ಇರುತ್ತದೆ. ಲಿಖಿತದಲ್ಲಿ ಒಂದು ಅಂಕದ ಪುಟ್ಟ ಪ್ರಶ್ನೆಯಿಂದ ಹತ್ತು ಅಂಕದ ದೊಡ್ಡ ಪ್ರಶ್ನೆಯವರೆಗೂ ಇರುತ್ತದೆ. ಹತ್ತು ಅಂಕದ್ದಕ್ಕೆ ಕೈ ಓಡಬೇಕು. ದಿನಕ್ಕೊಂದು ಪುಟ ಪೆನ್ನಿನಲ್ಲಿ ಬರೆಯಿರಿ. ಮೊಬೈಲಿನಲ್ಲಿ ಒತ್ತಿ ಒತ್ತಿ ಒತ್ತಕ್ಷರ ಮರೆತುಹೋಗಿರುತ್ತವೆ. ಗೈಡು ಕೊಳ್ಳುವವರು ಫೆಬ್ರುವರಿಯಲ್ಲಿ ಕೊಳ್ಳಿ. ಜೂನ್‌ನಲ್ಲೇ ಕೊಂಡವರು ಪಠ್ಯಪುಸ್ತಕ ಬಿಡಿಸಿದ್ದನ್ನು ನಾನು ನೋಡಿಲ್ಲ.

ಮೊದಲ ದಿನ ಬರುವಾಗ

ನೋಟ್‌ಬುಕ್ ತನ್ನಿ. ಇಪ್ಪತ್ತು ಪುಟ ತುಂಬಿದ್ದರೆ ಬಹಳ, ಐದು ಪುಟವಾದರೂ ಸರಿ. ಹೆಸರುಗಳನ್ನು ಮರೆಸಿದ್ದೀರಾ ಎಂದು ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ನಾನು ಕೇಳಿದರೆ ಎಡಪುಟ ತೋರಿಸಿ, ಸಾಕು. ಬಲಪುಟ ನಿಮ್ಮದು. ಮೇಡಂ ಕೇಳಿದರು ಅಂತಲೂ ಕೊಡಬೇಡಿ.